ಕಾಫಿ ಕಣದ ದೊಡ್ಡಮ್ಮ

ಟರ್ಪಂಟೈನ್ ಬಾಟಲಿಯ ಮುಚ್ಚಳ ತೆಗೆದರೆ ನಮ್ಮ ಮನೆಯವರು ಮೂಗು ಮುಚ್ಚಿಕೊಂಡು ಜಗಲಿಗೆ ನಡೆಯುತ್ತಾರೆ. ನನಗೋ ಆ ವಾಸನೆ ಹಿಡಿಸಿಬಿಟ್ಟಿದೆ. ಮೊಮ್ಮಗಳಿರುವ ವಯಸ್ಸಿನಲ್ಲಿ ತೈಲವರ್ಣ ಕಲಿಯಲು ಕುಶಾಲನಗರದ ಬಸ್ಸು ಹತ್ತುವವಳನ್ನು ಕಂಡು ನೀವಾದರೂ ನಗಬೇಡಿ.

ಕೆಲಸದಲ್ಲಿ ಮುಳುಗಿದ ಯಾರನ್ನಾದರೂ ಬರೆದು ತನ್ನಿ ಎಂದರು ಮೇಷ್ಟ್ರು. ನನ್ನ ಮಗನ ವಯಸ್ಸಿನವರು. ನಾನು ಕೊಡ್ಲಿಪೇಟೆಯ ದೊಡ್ಡಮ್ಮನನ್ನು ಆರಿಸಿಕೊಂಡೆ. ನನ್ನನ್ನೂ ತಂಗಿಯನ್ನೂ ಸಾಕಿದ್ದು ಅವರೇ. ತೀರಿಕೊಂಡು ಬಹಳ ವರ್ಷವಾಯಿತು. ಒಂದು ಫೋಟೋ ಕೂಡ ಉಳಿದಿಲ್ಲ. ನೆನಪಿರುವುದು ಕಣದಲ್ಲಿ ಹರಡಿದ ಕಾಫಿ ಹಣ್ಣಿನ ಮೇಲೆ ಬರಿಗಾಲು ಎಳೆಯುತ್ತಾ, ಸಾಲು ಮಾಡುತ್ತಾ ಅವರು ನಡೆಯುತ್ತಿದ್ದ ರೀತಿ. ಅಡಿಯ ಹಣ್ಣೂ ಬಿಸಿಲು ಕಾಣಬೇಕಲ್ಲ, ಅದಕ್ಕೆ.

"ಸೀರೆ ನೆರಿಗೆ ಚೆನ್ನಾಗ್ ಬಂದಿದೆ ಆಂಟಿ," ಎಂದರು ಮೇಷ್ಟ್ರು, ನಾನು ಒಯ್ದ ಚಿತ್ರ ನೋಡಿ. "ಆದ್ರೆ ಇವ್ರು ನಡೀತಾ ಇಲ್ಲ, ನಿಂತಿದಾರೆ. ಭಾರ ಯಾವ ಕಾಲ್ ಮೇಲಿದೆ?"

ನನಗೇನು ಗೊತ್ತು! ಬಣ್ಣ ಕೆರೆದು ಮತ್ತೆ ಬರೆದೆ. ದೊಡ್ಡಮ್ಮ ಮತ್ತೆ ನಿಂತರು.

ಕುತೂಹಲ ತಡೆಯದೆ ತಂಗಿಯ ಮನೆಗೆ ಹೋದೆ. ಆ ಕಣ ಈಗ ಅವಳದು. ಚಪ್ಪಲಿ ಬಿಟ್ಟು ಹಣ್ಣಿನ ಮೇಲೆ ಕಾಲೆಳೆದೆ. ಹಿಮ್ಮಡಿ ಒತ್ತುತ್ತದೆ, ಬೆರಳು ಸವರುತ್ತವೆ, ಸೊಂಟ ತುಸು ವಾಲುತ್ತದೆ.

"ಇದೇನಕ್ಕಾ, ಬಂದೋಳು ಕಾಫಿ ಕುಡಿಯೋದ್ ಬಿಟ್ಟು ಕಾಫಿ ತುಳೀತಿದ್ದೀಯಲ್ಲ!" ಎಂದಳು ತಂಗಿ.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ನನ್ನ ಕಣ್ಣು ಹಣ್ಣಿನ ಮೇಲೆ ಇರಲೇ ಇಲ್ಲ. ಕಾಲು ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು, ಕತ್ತು ಮೇಲೆದ್ದು ಮೋಡ ಹುಡುಕುತ್ತಿತ್ತು. ಕಾಫಿ ಒಣಹಾಕಿದವರ ಕಣ್ಣಿಗೆ ಬೇರೆ ಕೆಲಸ ಏನಿದೆ? ದೊಡ್ಡಮ್ಮನ ಕೂಗು ನೆನಪಾಯಿತು: "ಮೋಡ ಕಟ್ತಾ ಅದೆ, ಟಾರ್ಪಾಲ್ ತನ್ರೇ!"

ನಾನಾದರೋ ಅವರ ತಲೆ ಬಗ್ಗಿಸಿ ಬರೆದಿದ್ದೆ. ಕೆಲಸ ಮಾಡುವವರು ಹಾಗೇ ಇರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ನಿಜವೆಂದರೆ, ಅವರ ಮುಖ ನನಗೆ ಮರೆತುಹೋಗಿದೆ. ಸಾಕಿದವರ ಮುಖ! ಕಣದ ನಡುವೆಯೇ ಅಳು ಬಂತು.

ಮನೆಗೆ ಬಂದು ದೊಡ್ಡಮ್ಮನ ತಲೆ ಎತ್ತಿಸಿದೆ. ಬಣ್ಣ ಮೆತ್ತುವ ಚಾಕುವಿನಲ್ಲಿ ದಪ್ಪಗೆ ಹಚ್ಚಿ, ಕಾಲಿನ ಹತ್ತಿರ ಒಂದೇ ಸಲಕ್ಕೆ ಎಳೆದುಬಿಟ್ಟೆ. ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ. ಮೇಲಕ್ಕೆ ತಿರುಗಿದ ಒಂದಿಷ್ಟು ಬೆಳಕು ಅಷ್ಟೇ.

ನಿನ್ನೆ ತಂಗಿ ಬಂದಿದ್ದಳು. ಟರ್ಪಂಟೈನ್ ವಾಸನೆಗೆ ಸೆರಗನ್ನು ಮೂಗಿಗೆ ಹಿಡಿದು ಚಿತ್ರದ ಮುಂದೆ ನಿಂತಳು. ಯಾರೆಂದು ನಾನು ಹೇಳಿರಲಿಲ್ಲ. ಕಿಟಕಿಗೆ ಹೋಗಿ ಆಕಾಶ ನೋಡಿದಳು.

"ಕಾಫಿ ಮುಚ್ದೆ ಹಂಗೇ ಬಿಟ್ ಬಂದೀನಿ ಅಕ್ಕಾ," ಎಂದಳು. "ದೊಡ್ಡಮ್ಮ ಹಿಂಗ್ ನೋಡ್ತಾವ್ರೆ ಅಂದ್ರೆ ಮಳೆ ಬತ್ತದೆ."