ಜಪಾನಿ ಚಿತ್ರದಲ್ಲಿ ಅವ್ವ ಕೇಳಿದ ಮಾತು

ಯಾರಾದರೂ ಇಂಥ ಕತೆ ತೆಗೆದರೆ ಮೆಲ್ಲಗೆ ಎದ್ದು ಚಹಾ ಕುಡಿಯಲು ಹೋಗುತ್ತಿದ್ದವನು ನಾನು. ಕದರಮಂಡಲಗಿಯ ಹನುಮಪ್ಪನಿಗೆ ಕೈ ಮುಗಿಯುತ್ತಿದ್ದೆ, ಅದು ಮನೆಯ ರೂಢಿ. ಅದರಾಚೆಗೆ ಏನೋ ಇದೆ ಎಂದು ಒಪ್ಪಿದವನಲ್ಲ. ಈಗಲೂ ಪೂರ್ತಿ ಒಪ್ಪಿಲ್ಲ. ಆದರೆ ಬ್ಯಾಡಗಿಯ ನಮ್ಮ ಮನೆಯಲ್ಲಿ ಒಂದು ರವಿವಾರ ಮಧ್ಯಾಹ್ನ ನಡೆದದ್ದನ್ನು ಸುಳ್ಳು ಎನ್ನಲೂ ನನ್ನಿಂದಾಗಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ರಾಣೆಬೆನ್ನೂರಿನ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿದ್ದ ನನಗೆ ವಿಡಿಯೋ ಕ್ಯಾಸೆಟ್ ಕೂಡಿಡುವ ಹುಚ್ಚು. ಅದೂ ಜಪಾನ್, ಚೀನಾ, ಇರಾನಿನ ಚಿತ್ರಗಳೇ ಆಗಬೇಕು. ಹಾವೇರಿಯ ವಿಡಿಯೋ ಅಂಗಡಿಯವನೊಬ್ಬ ಹೊಡೆದಾಟದ ಚಿತ್ರವೆಂದು ಕೊಟ್ಟ ಕ್ಯಾಸೆಟ್ಟಿನಲ್ಲಿ ಜನ ಕೊನೆಯವರೆಗೂ ಭತ್ತ ನಾಟಿ ಮಾಡುತ್ತಿದ್ದರು. ಬೇರೆಯವರೆಲ್ಲ ಬೈದು ತಿರುಗಿಸಿಕೊಟ್ಟಿದ್ದರು, ನಾನು ಅದನ್ನು ಕೊಂಡುಕೊಂಡೆ. ಅಂದಿನಿಂದ ಆತ, "ಸರ, ನಿಮ್ಮಂಥಾ ಪಿಚ್ಚರ್ ಬಂದೈತಿ, ಲಗೂನ ಬರ್ರಿ" ಎಂದು ಹೇಳಿ ಕಳಿಸುತ್ತಿದ್ದ. ಎಲ್ಲವೂ ಕಾಪಿಯ ಕಾಪಿ. ಕೆಳಗೆ ಇಂಗ್ಲಿಷ್ ಅಕ್ಷರ ಬಂದರೆ ಪುಣ್ಯ. ಇಲ್ಲವಾದರೆ ಮುಖ ನೋಡಿ ಕತೆ ಊಹಿಸಿಕೊಳ್ಳಬೇಕು. ನನಗೆ ಅದೇ ಒಂದು ಸುಖವಾಗಿತ್ತು.

ಅವ್ವ ನನ್ನ ಹಿಂದೆ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಅರೆಗಣ್ಣಿನಲ್ಲಿ ನೋಡುತ್ತಿದ್ದಳು. "ಒಬ್ಬರೂ ನಗಂಗಿಲ್ಲ, ಹಾಡಂಗಿಲ್ಲ. ನಮ್ಮ ಮನ್ಯಾಗ ಇರೋದು ಸಾಲಂಗಿಲ್ಲಂತ ಇದನ್ನ ಬ್ಯಾರೆ ತರ್ತಾನ" ಎಂದು ನನ್ನನ್ನು ಚುಚ್ಚುತ್ತಿದ್ದಳು.

ಮನೆಯಲ್ಲಿ ಇದ್ದದ್ದು ಅಣ್ಣನ ಚಿಂತೆ. ಅಣ್ಣ ಲಾರಿ ಡ್ರೈವರ್. ಮೆಣಸಿನಕಾಯಿ ಲೋಡು ಹೇರಿಕೊಂಡು ಉತ್ತರದ ಕಡೆ ಹೋದವನು ಅಲ್ಲೇ ಬೇರೆ ಲಾರಿ ಹಿಡಿದ. ಕೆಲಕಾಲ ಸುದ್ದಿ ಬರುತ್ತಿತ್ತು, ಆಮೇಲೆ ನಿಂತುಹೋಯಿತು. ವರ್ಷಗಳು ಕಳೆದ ಮೇಲೆ ಬಂಧುಗಳು ಅವನ ಕ್ರಿಯಾಕರ್ಮ ಮಾಡಿಬಿಡಿ ಎಂದು ಗಂಟುಬಿದ್ದರು. ಅವ್ವ ಮಾತ್ರ, "ಕಂಡಾವ್ರು ಯಾರರ ನನ್ನ ಮುಂದ ಬಂದು ಹೇಳ್ಲಿ. ಅಲ್ಲೀತನಕ ನನ್ನ ಮಗ ಅದಾನ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಹೊರಗೆ ಲಾರಿ ನಿಂತ ಸಪ್ಪಳವಾದರೆ ಸಾಕು, ತೊಟ್ಟು ಬಿಡಿಸುವ ಅವಳ ಕೈ ನಿಲ್ಲುತ್ತಿತ್ತು.

ಆ ರವಿವಾರ ಹಾಕಿದ್ದು ಹಳೆಯ ಜಪಾನಿ ಚಿತ್ರ. ಕೆಳಗೆ ಅಕ್ಷರ ಇರಲಿಲ್ಲ. ಹೊರಗೆ ಮಳೆ, ಗುಡಿಸಲಿನಲ್ಲಿ ಒಬ್ಬ ಮುದುಕಿ. ದಾರಿಹೋಕನೊಬ್ಬ ಬಂದು ಹೊಸ್ತಿಲ ಬಳಿ ಮಂಡಿಯೂರಿ, ಹುಲ್ಲಿನ ಟೋಪಿ ತೆಗೆದು, ಎರಡು ಮಾತು ಹೇಳಿದ.

ಹಿಂದೆ ಅವ್ವ ಬುಟ್ಟಿ ಪಕ್ಕಕ್ಕೆ ಸರಿಸಿದಳು.

"ಹೊಳಿಯಾಗ ಹೋದನಂತ" ಎಂದಳು. ದನಿ ಸಣ್ಣಗಿತ್ತು, ನಡುಗುತ್ತಿರಲಿಲ್ಲ. "ಈಸಾಕ ಇಳದಾವ ಮ್ಯಾಲ ಬರಲಿಲ್ಲಂತ."

ಚಿತ್ರದ ಕತೆ ಊಹಿಸುತ್ತಿದ್ದಾಳೆ ಎಂದುಕೊಂಡೆ. ಆದರೆ ಅವ್ವ ಎದ್ದು ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು, ಸಾವಿನ ಸುದ್ದಿ ಕೇಳಿದವರು ಮಾಡುವ ಸ್ನಾನ. ನಾನು ಗಾಬರಿಯಾಗಿ, "ಅವ್ವಾ, ಅದು ಸಿನಿಮಾ!" ಎಂದು ಕೂಗಿದೆ.

"ಸಿನಿಮಾ ಅನ್ನೂದು ನನಗೂ ಗೊತ್ತೈತಿ. ಅಂವ ಹೇಳಿದ್ದು ನನಗ."

ಮರುವಾರ ಮೆಣಸಿನಕಾಯಿ ತುಂಬಿಕೊಳ್ಳಲು ಮೊದಲ ಸಲ ಬ್ಯಾಡಗಿಗೆ ಬಂದ ಡ್ರೈವರ್ ಒಬ್ಬ ಪೇಟೆಯಲ್ಲಿ ವಿಚಾರಿಸುತ್ತ ನಮ್ಮ ಮನೆಗೆ ಬಂದ. ಅಣ್ಣನ ಜೊತೆ ದುಡಿದವನು. ಬಹಳ ಹಿಂದೆಯೇ ಗುಜರಾತಿನ ಕಡೆ ಹೊಳೆಯಲ್ಲಿ ಈಜಲು ಇಳಿದ ಅಣ್ಣ ತೇಲಿಹೋದನಂತೆ. ಮನೆಯ ವಿಳಾಸ ಗೊತ್ತಿರಲಿಲ್ಲ, ಊರಿನ ಹೆಸರಷ್ಟೇ ನೆನಪಿತ್ತಂತೆ. ಅದನ್ನೆಲ್ಲ ಅವನು ಅಂಗಳದಲ್ಲಿ ನನಗೆ ಹೇಳಿದ. ಅವ್ವನಿಗೆ ಹೇಗೆ ತಿಳಿಸಲಿ ಎಂದು ಒದ್ದಾಡುತ್ತ ಅವನು ಒಳಗೆ ಬಂದು ಕೂತು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅವನ ಮುಂದೆ ತಾಟು ಇಟ್ಟಳು.

"ಉಣ್ಣಪ್ಪ. ಒಮ್ಮೆ ಹೇಳೀದಿ, ಸಾಕು."

ಅವನು ನನ್ನ ಮುಖ ನೋಡಿದ. ನಾನು ನೀರಿನ ಚಂಬು ಅವನ ಕಡೆ ಸರಿಸಿದೆ.

ಹಲವು ವರ್ಷಗಳ ಮೇಲೆ ಅದೇ ಚಿತ್ರದ ಚೊಕ್ಕ ಪ್ರತಿ ಸಿಕ್ಕಿತು, ಇಂಗ್ಲಿಷ್ ಅಕ್ಷರಗಳ ಸಮೇತ. ಅಂದೇ ಹಾಕಿದೆ. ದಾರಿಹೋಕ ಆ ಮುದುಕಿಗೆ ಸಾವಿನ ಸುದ್ದಿ ಹೇಳುವುದೇ ಇಲ್ಲ. "ಮಳೆ ನಿಲ್ಲುವವರೆಗೆ ಇಲ್ಲಿ ಕೂರಬಹುದೇ?" ಎಂದು ಕೇಳುತ್ತಾನೆ, ಅಷ್ಟೇ. ಇಡೀ ಚಿತ್ರದಲ್ಲಿ ಹೊಳೆಯೂ ಇಲ್ಲ, ಯಾರೂ ಸಾಯುವುದೂ ಇಲ್ಲ.

ಅವ್ವ ಆಗಿನ್ನೂ ಇದ್ದಳು. ಅಂದು ಆ ದಾರಿಹೋಕ ಯಾವ ಭಾಷೆಯಲ್ಲಿ ಮಾತಾಡಿದ ಎಂದು ಕೇಳಿದೆ. ನನ್ನನ್ನು ವಿಚಿತ್ರವಾಗಿ ನೋಡಿದಳು.

"ನಮ್ಮ ಮಾತಿನಾಗ. ನೀನೂ ಅಲ್ಲೇ ಕುಂತಿದ್ದಿಯಲ್ಲೋ, ನಿನಗ ಕೇಳಲಿಲ್ಲೇನು?"

ಕೇಳಲಿಲ್ಲ ಎಂದೆ. ಅವಳಿಗೆ ಹೇಗೆ ಕೇಳಿಸಿತು ಎಂಬುದನ್ನು ಬಿಡಿಸುವ ಆಸೆ ನನಗೀಗ ಉಳಿದಿಲ್ಲ. ಸತ್ತವನು ನನ್ನ ಅಣ್ಣನೂ ಹೌದಲ್ಲ, ನನಗೇಕೆ ಕೇಳಿಸಲಿಲ್ಲ ಎಂಬುದು ಮಾತ್ರ ಇವತ್ತಿಗೂ ತಿಳಿದಿಲ್ಲ.