ಮಾಸ್ಟರ ಬೆರಳು, ಕಾಣೆ ಮೀನು

ಅವರ ಬಲಗೈ ತೋರುಬೆರಳಿನ ಮೇಲಿನ ಗೆಣ್ಣಿನಲ್ಲಿ ಅಡ್ಡಕ್ಕೆ ಒಂದು ಗೀರು ಇತ್ತು. ಬೆಳ್ಳಗೆ, ಒರಟಾಗಿ, ಒಂದು ದಾರ ಕೂರುವಷ್ಟು ಆಳ. ಟೈಲರ್ ಕೈಯಲ್ಲವೇ, ಕತ್ತರಿ ತಾಗಿದ್ದಿರಬೇಕು ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಕೇಳಿದಾಗ ನಕ್ಕರು.

"ಕತ್ತರಿಯದ್ದಲ್ಲ ಅಮ್ಮ, ಗಾಳದ ದಾರದ್ದು. ಕತ್ತರಿ ನನ್ನ ಮಾತು ಕೇಳ್ತದೆ. ಮೀನು ಕೇಳುವುದಿಲ್ಲ ಅಲ್ವಾ?"

ಗಲ್ಫಿನ ಈ ಊರಿನ ನಜ್ಮಾ ಬಡಾವಣೆಯಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೇ ಅವರ ಹೊಲಿಗೆ ಅಂಗಡಿ. ಎಲ್ಲರಿಗೂ ಅವರು ಮಾಸ್ಟರು. ನಾನು ಮೂರನೆಯ ಮಹಡಿಯಲ್ಲಿ ಮಗಳ ಮನೆಯಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಮಗಳು ಬೆಳಿಗ್ಗೆ ವೆಸ್ಟ್ ಬೇಯ ಆಫೀಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ನನ್ನನ್ನು ಮೂರನೆಯ ಕ್ಲಾಸಿಗೇ ಶಾಲೆ ಬಿಡಿಸಿದ್ದರು, ಹಾಗಾಗಿ ಓದುತ್ತಾ ಕೂರುವವಳೂ ಅಲ್ಲ. ಒಂದು ದಿನ ಬ್ಲೌಸ್ ಕೊಡಲು ಇಳಿದವಳು ಅವರ ಮೇಜಿನ ಮೇಲಿದ್ದ ಪ್ಯಾಂಟಿನ ಹೆಮ್ಮಿಂಗ್ ನೋಡಿ, "ಇದ್ಯಾರು ಮಾಡಿದ್ದು? ಕಣ್ಣು ಮುಚ್ಕೊಂಡು ಮಾಡಿದ್ರಾ?" ಅಂದೆ.

"ನೀವು ಕಣ್ಣು ಬಿಟ್ಟು ಮಾಡಿ ತೋರಿಸಿ" ಎಂದು ಸೂಜಿ ಕೈಗೆ ಕೊಟ್ಟರು. ಅವತ್ತಿನಿಂದ ಆ ಅಂಗಡಿಯ ಹುಕ್ಕು, ಗುಂಡಿ, ಹೆಮ್ಮಿಂಗ್ ಎಲ್ಲ ನನ್ನ ಕೆಲಸವಾಯಿತು.

ಹೊಗಳುವುದು ಅವರಿಗೆ ಬರುತ್ತಿರಲಿಲ್ಲ. ನಾನು ಮುಗಿಸಿದ ಬಟ್ಟೆಯನ್ನು ಕಣ್ಣಿನಿಂದ ನೋಡುತ್ತಲೂ ಇರಲಿಲ್ಲ. ಎಲ್ಲೋ ನೋಡುತ್ತಾ ತೋರುಬೆರಳನ್ನು ಹೊಲಿಗೆಯ ಮೇಲೆ ಓಡಿಸುತ್ತಿದ್ದರು. ಬೆರಳು ನಿಂತರೆ ಮುಗಿಯಿತು. "ಇಲ್ಲಿ ನೀವು ಯಾರ ಜೊತೆಗೋ ಮಾತಾಡ್ತಾ ಇದ್ರಿ" ಅನ್ನುವರು. ನಿಜವೇ ಆಗಿರುತ್ತಿತ್ತು. ನಾನು ಬೈದುಕೊಂಡು ಬಿಚ್ಚುತ್ತಿದ್ದೆ. ಊರಲ್ಲಿ ನನ್ನ ಗಂಡನಾಗಲಿ ಅತ್ತೆಯಾಗಲಿ ನನ್ನ ಕೆಲಸವನ್ನು ಅಷ್ಟು ಗಮನ ಕೊಟ್ಟು ನೋಡಿರಲಿಲ್ಲ. ಚೆನ್ನಾಗಿದೆ ಅಂದವರು ಬೇಕಾದಷ್ಟು ಜನ.

ಅಕ್ಟೋಬರ್ ಮಧ್ಯಕ್ಕೆ ಬಂದು ಬಿಸಿಲಿನ ಹಲ್ಲು ಮುರಿದರೆ ಮಾಸ್ಟರು ಬೇರೆಯೇ ಮನುಷ್ಯ. ಬುಧವಾರದಿಂದಲೇ ಗಾಳ ತಿದ್ದುತ್ತಿದ್ದರು. ನೂಲು ಮುಗಿದ ಖಾಲಿ ಕೋನುಗಳಿಗೇ ಗಾಳದ ದಾರ ಸುತ್ತಿ ಇಟ್ಟುಕೊಳ್ಳುವರು. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಉಳ್ಳಾಲದ ಡ್ರೈವರೊಬ್ಬರು, ಅವರ ಹಳೆಯ ಸ್ನೇಹಿತರು, ಗಾಡಿ ತಂದು ನಿಲ್ಲಿಸಿ "ಯಲ್ಲಾ ಯಲ್ಲಾ, ಜುಮಾ ನಮಾಜಿಗೆ ಮೊದಲು ವಾಪಸ್ ಬರ್ಬೇಕು" ಎಂದು ಹಾರನ್ ಹೊಡೆಯುವರು. ಉತ್ತರಕ್ಕೆ ಒಂದು ಗಂಟೆಯ ದಾರಿ. ಅಲ್ಲಿ ಸಮುದ್ರ ನೆಲದೊಳಗೆ ನುಗ್ಗಿ ಬಂದು ಕೆರೆಯ ಹಾಗೆ ನಿಂತಿದೆ, ಅದನ್ನು ಖೋರ್ ಅನ್ನುತ್ತಾರೆ. ಆ ಖೋರಿಗೆ ಸೇರುವ ಸಣ್ಣ ಸಣ್ಣ ತೊರೆಗಳು, ಅವುಗಳ ಎರಡೂ ದಡಕ್ಕೆ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು. ಬೇಸಗೆ ಕಳೆದು ನೀರು ತಣ್ಣಗಾದರೆ ಏರುವ ನೀರಿನ ಜೊತೆ ಕಾಣೆ ಮೀನು ಆ ತೊರೆಗಳಿಗೆ ಬರುತ್ತದೆ.

ನನ್ನನ್ನೂ ಕರೆದುಕೊಂಡು ಹೋದರು, ನಾನೇ ಜಂಬ ಕೊಚ್ಚಿಕೊಂಡಿದ್ದಕ್ಕೆ. ನನ್ನೂರು ಕನ್ನಂಬಾಡಿ ಹಿನ್ನೀರಿನ ಪಕ್ಕ. ಮಳೆ ನಿಂತ ಮೇಲೆ ಹಳ್ಳ ಹಿನ್ನೀರಿಗೆ ಸೇರುವ ಬಾಯಲ್ಲಿ ಕೂತು ಲಂಗ ಒದ್ದೆ ಮಾಡಿಕೊಂಡು ಮೀನು ಹಿಡಿದವಳು ನಾನು. ಅದನ್ನೇ ಹೇಳಿದ್ದೆ.

"ಕೆರೆ ಮೀನು ಮೀನೇ ಅಲ್ಲ, ಮಣ್ಣು ವಾಸನೆ" ಅಂದಿದ್ದರು ಮಾಸ್ಟರು.

"ನಿಮ್ ಮೀನು ಉಪ್ಪಿನ್ಕಾಯಿ ಇದ್ದಂಗಿರ್ತದೆ, ಬುಡಿ" ಅಂದಿದ್ದೆ.

ಡ್ರೈವರಿಗೆ ನಮ್ಮ ಜಗಳ ಕೇಳುವುದೇ ಮೀನಿಗಿಂತ ದೊಡ್ಡ ಖುಷಿ.

ಹೀಗಿರುವಾಗ ಒಂದು ಜುಲೈಯಲ್ಲಿ, ಮೇಜಿನ ಮುಂದೆ ನಿಂತಿದ್ದವರು ಕತ್ತರಿ ಕೆಳಗೆ ಬೀಳಿಸಿದರು. ಬಗ್ಗಿ ಎತ್ತಿಕೊಳ್ಳಲು ಹೋಗಿ ತಾವೂ ಬಿದ್ದರು. ಸಣ್ಣ ಸ್ಟ್ರೋಕ್ ಅಂದರು ಆಸ್ಪತ್ರೆಯಲ್ಲಿ. ಮಾತು ಬಂತು, ನಡಿಗೆ ಬಂತು, ಕೈಗೆ ಬಲವೂ ಬಂತು. ಬಲಗೈ ಬೆರಳುಗಳಿಗೆ ಸ್ಪರ್ಶ ಮಾತ್ರ ಬರಲಿಲ್ಲ. ಬಿಸಿ ಚಹಾ ಲೋಟ ಹಿಡಿದರೂ ಗೊತ್ತಾಗುತ್ತಿರಲಿಲ್ಲ.

"ಹಿಡಿಯಕ್ಕೆ ಆಯ್ತದಲ್ಲ, ಕತ್ತರಿಸಿ ಮತ್ತೆ" ಅಂದೆ ನಾನು.

"ಗೆರೆ ನೋಡುವುದು ಕಣ್ಣು ಅಮ್ಮ. ಬಟ್ಟೆ ಜಾರಿದ್ದು ಹೇಳುವುದು ಬೆರಳು."

ಹೊಲಿಯಲು ಇನ್ನಿಬ್ಬರು ಕೆಲಸದವರಿದ್ದರು. ಆದರೆ ಅಳೆದು ಕತ್ತರಿಸುವವರೇ ಮಾಸ್ಟರು, ಅದಿಲ್ಲದಿದ್ದರೆ ಮಾಸ್ಟರು ಯಾಕೆ? ಅಂಗಡಿಯ ಅರಬಾಬ್, ಎಂದರೆ ಯಜಮಾನ, ಕೆಟ್ಟವನಲ್ಲ. ಬಂದು ಕೂತು ಚಹಾ ಕುಡಿದು ಹೇಳಿದ: ಡಿಸೆಂಬರ್ ತನಕ ನೋಡುತ್ತೇನೆ, ಆಮೇಲೆ ಖಲಾಸ್, ಬೇರೆ ಮಾಸ್ಟರ್ ತರುತ್ತೇನೆ. ಅದೇ ವಾರ ಉಡುಪಿ ಕಡೆಯ ಒಬ್ಬ ಕ್ರಿಶ್ಚಿಯನ್ ಹುಡುಗಿ ಜನವರಿಯ ಮದುವೆ ಗೌನಿಗೆ ಬಿಳಿ ಸ್ಯಾಟಿನ್ ತಂದು ಕೊಟ್ಟಳು. ಬೆರಳು ಸತ್ತಿರುವ ಮನುಷ್ಯ ಒಪ್ಪಿಕೊಳ್ಳಬಾರದ ಬಟ್ಟೆ ಅದು, ನೀರಿನ ಹಾಗೆ ಜಾರುತ್ತದೆ. ಒಪ್ಪಿಕೊಂಡರು. ಅಳತೆ ನಾನು ತೆಗೆದೆ. ಬಟ್ಟೆಯನ್ನು ಮಡಚಿ ಮೇಲಿನ ಹಲಗೆಯಲ್ಲಿಟ್ಟರು, ಯಾರಿಗೂ ಮುಟ್ಟಲು ಬಿಡಲಿಲ್ಲ.

ಆಸ್ಪತ್ರೆಯವರು ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಅದನ್ನು ಕೆಲಸದವನ ಮಗುವಿಗೆ ಕೊಟ್ಟುಬಿಟ್ಟರು. "ನನ್ನ ಬೆರಳಿಗೆ ಪಾಠ ಹೇಳಿದ್ದು ಕಾಣೆ ಮೀನು. ಮರೆತದ್ದನ್ನು ಅದೇ ಹೇಳಿಕೊಡ್ಲಿ" ಅಂದರು.

ಕಾಣೆ ಬಹಳ ನಾಜೂಕಿನ ಮೀನು. ಸಿಗಡಿ ತುಂಡನ್ನು ತುಟಿಯ ತುದಿಯಲ್ಲಿ ಹೀರಿ ನೋಡುತ್ತದೆ. ಕೋಲಿನಲ್ಲಿ ಹಿಡಿದರೆ ಗೊತ್ತಾಗುವುದಿಲ್ಲ, ದಾರವನ್ನು ಬೆರಳಿನ ಮೇಲೆ ಹಾಯಿಸಿಕೊಂಡೇ ನಿಲ್ಲಬೇಕು. ಅಕ್ಟೋಬರ್ ಬಂತು. ಪ್ರತಿ ಶುಕ್ರವಾರ ಮೊಣಕಾಲು ನೀರಿನಲ್ಲಿ, ಕೊರಳಲ್ಲಿ ಅಳತೆ ಟೇಪ್ ಹಾಗೇ ನೇತಾಡುತ್ತಾ, ಮಾಸ್ಟರು ಸತ್ತ ಬೆರಳಿನ ಮೇಲೆ ದಾರ ಹಾಕಿಕೊಂಡು ನಿಂತರು. ಎಡಗೈಗೆ ಬದಲಾಯಿಸಿ ಎಂದು ಡ್ರೈವರ್ ಹೇಳಿ ಸೋತರು. ನಾನು ಹಿಡಿದೆ, ಡ್ರೈವರ್ ಹಿಡಿದರು. ಮಾಸ್ಟರ ಗಾಳಕ್ಕೆ ಮೀನು ಬಂದು ತಿಂದು ಹೋಗುತ್ತಿತ್ತು, ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾಲ್ಕು ಶುಕ್ರವಾರ ಹೀಗೇ ಹೋಯಿತು.

ಐದನೆಯ ಶುಕ್ರವಾರ ನಾನೊಂದು ದಡ್ಡ ಕೆಲಸ ಮಾಡಿದೆ. ನೀರು ಕುಡಿದು ಬರುತ್ತೇನೆ ಎಂದು ಅವರು ದಾರವನ್ನು ನನ್ನ ಕೈಗೆ ಕೊಟ್ಟು ಗಾಡಿಯ ಹತ್ತಿರ ಹೋದರು. ನನ್ನ ಬುಟ್ಟಿಯಲ್ಲಿ ಆಗಷ್ಟೇ ಹಿಡಿದ ಕಾಣೆ ಒದ್ದಾಡುತ್ತಿತ್ತು. ಅದನ್ನು ತೆಗೆದು ಅವರ ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟೆ. ಡ್ರೈವರ್ ನೋಡಿದರು, ಆಚೆ ಮುಖ ಮಾಡಿಕೊಂಡರು.

ಮಾಸ್ಟರು ಬಂದಾಗ, "ಎಳೀರಿ, ಏನೋ ಅಲ್ಲಾಡ್ತಾ ಅದೆ" ಅಂದೆ.

ಎಳೆದರು. ಗೇಣುದ್ದದ ಮೀನು ಬಿಸಿಲಿಗೆ ಹೊಳೆಯುತ್ತಾ ಬಂತು. ಅವರ ಮುಖ ಅರಳಿತು. ನನಗೂ ಒಳಗೇ ಖುಷಿಯಾಯಿತು. ಗಾಳ ಬಿಡಿಸಲು ಮೀನಿನ ಬಾಯಿ ತೆರೆದವರು ಹಾಗೇ ನಿಂತರು.

"ಇದನ್ನು ಹಾಕಿದ್ದು ನೀವಾ?"

"ನಾನ್ಯಾಕೆ ಹಾಕ್ಲಿ?"

"ಗಾಳ ಗಂಟಲಲ್ಲಿ ಉಂಟು. ಕಾಣೆ ನುಂಗುವುದಿಲ್ಲ ಅಮ್ಮ. ಅದಕ್ಕೆ ಗಾಳ ಕೂರುವುದು ತುಟಿಯಲ್ಲಿ."

ನನ್ನ ಕೆರೆಬುದ್ಧಿ ಅಲ್ಲಿ ಸಿಕ್ಕಿಬಿದ್ದಿತು. ನಮ್ಮ ಹಳ್ಳದ ಕೊರವ ಮೀನು ಕಪ್ಪೆಮರಿಯನ್ನು ಗಾಳದ ಸಮೇತ ಗಬಕ್ಕನೆ ನುಂಗುತ್ತದೆ, ಬಿಡಿಸಲು ಗಂಟಲಿಗೆ ಕಡ್ಡಿ ಹಾಕಬೇಕು. ನನ್ನ ಕೈಗೆ ಅಭ್ಯಾಸವಾದದ್ದು ಅದು. ಅವಸರದಲ್ಲಿ ಕಾಣೆಗೂ ಹಾಗೇ ಸಿಕ್ಕಿಸಿದ್ದೆ.

ಅವರು ಕೂಗಾಡಲಿಲ್ಲ. ಮೀನನ್ನು ನನ್ನ ಬುಟ್ಟಿಗೆ ಹಾಕಿದರು. "ನಿಮ್ಮ ಹೊಲಿಗೆ ಸೊಟ್ಟ ಇದ್ದಾಗ ನಾನು ಒಂದು ದಿನ ಆದ್ರೂ ಚಂದ ಉಂಟು ಅಂತ ಹೇಳಿದ್ದೇನಾ?" ಅಂದರು. "ಹೇಳ್ಲಿಲ್ಲ. ಯಾಕೆ ಹೇಳಿ? ನೀವು ಮಾಡ್ತೀರಿ ಅಂತ ನನಗೆ ಗೊತ್ತಿತ್ತು. ನೀವು ನನ್ನ ಕೈ ಬಿಟ್ಟದ್ದಾ?"

ಆಮೇಲೆ ನಾಲ್ಕು ದಿನ ನಾನು ಅಂಗಡಿಗೆ ಇಳಿಯಲಿಲ್ಲ. ಮನೆಯಲ್ಲಿ ಮಗಳು, "ಹೋಗಿ ಸಾರಿ ಕೇಳಮ್ಮ, ಅಷ್ಟೇ" ಅಂದಳು. ಅವಳ ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಅದನ್ನು ಹೇಳುತ್ತಾರಂತೆ. ನನಗೆ ಜೀವನದಲ್ಲಿ ಆ ಅಭ್ಯಾಸವಿಲ್ಲ. ಐದನೆಯ ದಿನ ಇಳಿದು ಹೋಗಿ ಅವರ ಮುಂದೆ ನಿಂತೆ.

"ತಪ್ಪಾಯ್ತು ಮಾಸ್ಟ್ರೇ. ಇನ್ಮೇಲೆ ಇದ್ದಿದ್ದು ಇದ್ದಂಗೆ ಹೇಳ್ತೀನಿ. ನಿಮ್ ಬೆರಳು ಇನ್ನೂ ಸತ್ತೋಗದೆ."

"ಹಾಂ, ಈಗ ಸರಿ" ಎಂದು ನನ್ನ ಕಡೆಗೆ ಆರು ಪ್ಯಾಂಟು ತಳ್ಳಿದರು. ನಾಲ್ಕು ದಿನದ ಕೆಲಸವನ್ನು ಯಾರಿಗೂ ಕೊಡದೆ ಇಟ್ಟಿದ್ದರು.

ನವೆಂಬರ್ ಮುಗಿಯುತ್ತಾ ಬಂದಿತ್ತು. ಆ ಶುಕ್ರವಾರ ಗಾಳಿ ಇರಲಿಲ್ಲ, ನೀರು ಸದ್ದಿಲ್ಲದೆ ತೊರೆಯೊಳಕ್ಕೆ ಏರುತ್ತಿತ್ತು. ನಾನು ಅವರಿಂದ ನಾಲ್ಕು ಮಾರು ದೂರದಲ್ಲಿದ್ದೆ. ನೋಡುತ್ತೇನೆ, ಮಾಸ್ಟರು ಕಣ್ಣು ಮುಚ್ಚಿ ಅಲ್ಲಾಡದೆ ನಿಂತಿದ್ದಾರೆ. ಇನ್ನೊಂದು ಸ್ಟ್ರೋಕ್ ಬಂತೇನೋ ಎಂದು ಕೂಗಿದೆ.

"ಮಾಸ್ಟ್ರೇ!"

"ಶ್!"

ಅವರ ತುಟಿ ಮಾತ್ರ ಅಲ್ಲಾಡುತ್ತಿತ್ತು. ಒಂದು. ಎರಡು. ಸ್ವಲ್ಪ ಬಿಟ್ಟು ಮೂರು.

ದಡದಿಂದ ಡ್ರೈವರ್ ಕೂಗಿದರು. "ಎಳೀರಿ ಮಾರಾಯ್ರೆ! ಎಂತ ಜಪ ಮಾಡ್ತೀರಿ ಅಲ್ಲಿ?"

ಎಳೆಯಲಿಲ್ಲ. ತುಂಬಾ ಹೊತ್ತಾದ ಮೇಲೆ ನಿಧಾನವಾಗಿ ದಾರ ಸುತ್ತಿದರು. ತುದಿಯಲ್ಲಿ ಏನೂ ಇಲ್ಲ, ಬರೀ ಗಾಳ. ಸಿಗಡಿಯ ಒಂದು ಚೂರೂ ಉಳಿದಿರಲಿಲ್ಲ. ಅದನ್ನು ಮೇಲೆ ಎತ್ತಿ ಹಿಡಿದು ಆ ಮನುಷ್ಯ ನಕ್ಕ ನಗು! ಕಾಂಡ್ಲಾದ ಮೇಲಿದ್ದ ಕೊಕ್ಕರೆಗಳು ಎದ್ದು ಹೋದವು.

"ತಿಂದು ಹೋಯ್ತು ಅಮ್ಮ! ಪೂರಾ ತಿಂದು ಹೋಯ್ತು! ಮೂರು ಸಲ ಬಂತು, ಮೂರೂ ಗೊತ್ತಾಯ್ತು!"

ನಾನು ಮಾತು ಕೊಟ್ಟಿದ್ದೆನಲ್ಲ, ಅದಕ್ಕೇ ಹೇಳಿದೆ. "ಏಡಿ ಇದ್ದಿರ್ಬೋದು."

"ಏಡಿ ಜಗ್ತದೆ. ಇದು ಹೀರಿತು. ಮೊದಲು ಸಣ್ಣಕ್ಕೆ, ಮತ್ತೆ ಸ್ವಲ್ಪ ಧೈರ್ಯ ಮಾಡಿ. ಎಳೀಲಿಕ್ಕೆ ಮನಸ್ಸೇ ಬರ್ಲಿಲ್ಲ ನನಗೆ."

ಅವತ್ತು ಅವರು ಒಂದು ಮೀನೂ ಹಿಡಿಯಲಿಲ್ಲ. ಆದರೆ ಆ ಬರಿ ಗಾಳವನ್ನು ನೋಡಿದ ನಮಗೆ ಅನುಮಾನ ಉಳಿಯಲಿಲ್ಲ. ಮೀನನ್ನು ಯಾರು ಬೇಕಾದರೂ ಸಿಕ್ಕಿಸಬಹುದು, ನಾನೇ ಸಿಕ್ಕಿಸಿದ್ದೆ. ತಿಂದು ಹೋದದ್ದನ್ನು ಲೆಕ್ಕ ಹಾಕಿ ಹೇಳಲು ಬೆರಳು ಬದುಕಿರಬೇಕು.

ಶನಿವಾರ ಬೆಳಿಗ್ಗೆ ಹಲಗೆಯ ಮೇಲಿಂದ ಸ್ಯಾಟಿನ್ ಇಳಿಯಿತು. ಹೊಲಿಯುವವರಿಬ್ಬರೂ ಮೆಷಿನ್ ನಿಲ್ಲಿಸಿ ಎದ್ದು ಬಂದರು. ಮಾಸ್ಟರು ಸೀಮೆಸುಣ್ಣದ ಗೆರೆ ಎಳೆದು ಬಲಗೈಯಲ್ಲೇ ಕತ್ತರಿ ಹಿಡಿದರು. ನಾನು ಬಟ್ಟೆಯ ಇನ್ನೊಂದು ತುದಿ ಹಿಡಿದು ನಿಂತೆ. ಅರ್ಧಕ್ಕೆ ಬಂದಾಗ ಬಟ್ಟೆ ಜಾರಿತು. ಬೆರಳು ಕತ್ತರಿಯನ್ನು ತಡೆದು, ಬಟ್ಟೆಯನ್ನು ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ಹೋಯಿತು.

ಮುಗಿದ ಮೇಲೆ ಬೆವರು ಒರೆಸಿಕೊಂಡು ಕೇಳಿದರು. "ನೇರ ಉಂಟಾ ಅಮ್ಮ?"

ಕನ್ನಡಕ ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ನೋಡಿದೆ. "ಕೊನೇಲಿ ಎರಡು ನೂಲು ಆಚೆ ಹೋಗದೆ."

"ಉಳಿದದ್ದು?"

"ಉಳಿದಿದ್ದು ನೇರ."

ತಲೆ ಆಡಿಸಿದರು. ನನ್ನ ಜೀವನದಲ್ಲಿ ಯಾರೂ ನನ್ನ ಮಾತಿಗೆ ಅಷ್ಟು ಬೆಲೆ ಕೊಟ್ಟಿರಲಿಲ್ಲ.

ಡಿಸೆಂಬರಿನಲ್ಲಿ ಅರಬಾಬ್ ಬಂದಾಗ ಗೌನು ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ಮುಟ್ಟಿ ನೋಡಿದ, ಮಾಸ್ಟರ ಬೆನ್ನು ತಟ್ಟಿದ, ಚಹಾ ಕುಡಿಯದೆಯೇ ಹೋದ. ಆಮೇಲೆ ಇನ್ನೂ ನಾಲ್ಕು ವರ್ಷ ಆ ಮೇಜು ಅವರದೇ ಆಗಿತ್ತು. ಸಾಕು ಅನ್ನಿಸಿದಾಗ ತಾವೇ ಕತ್ತರಿ ಇಟ್ಟು ಊರಿಗೆ ಹೋದರು, ಯಾರೂ ಕಳಿಸಿದ್ದಲ್ಲ. ಹೋದ ವರ್ಷ ಅಲ್ಲಿ ತೀರಿಕೊಂಡರು. ಫೋನು ಬಂದಾಗ ನಾನು ಅಳಲಿಲ್ಲ. ಅಳುವಂಥ ಬದುಕು ಅವರದಾಗಿರಲಿಲ್ಲ.

ಗೌನು ಹಾಕಿಕೊಂಡ ಹುಡುಗಿ ಈಗ ಇದೇ ಊರಿನ ಮದೀನತ್ ಖಲೀಫಾದಲ್ಲಿದ್ದಾಳೆ, ಎರಡು ಮಕ್ಕಳು. ಮೊನ್ನೆ ನಮ್ಮ ಮನೆಗೆ ಬಂದಾಗ ಮದುವೆಯ ಫೋಟೊ ತೋರಿಸಿದಳು. ನನ್ನ ಮಗಳು ಅವಳ ಮುಖ ನೋಡಿ ಎಷ್ಟು ಚೆಂದ ಅಂದಳು. ನಾನು ಫೋನನ್ನು ಕೈಗೆ ತೆಗೆದುಕೊಂಡು ಗೌನಿನ ಅಂಚನ್ನು ದೊಡ್ಡದು ಮಾಡಿ ನೋಡಿದೆ. ಎಷ್ಟು ದೊಡ್ಡದು ಮಾಡಿದರೂ ಆ ಎರಡು ನೂಲಿನ ಸೊಟ್ಟ ಕಾಣಲಿಲ್ಲ.

ಅದರ ಹೆಮ್ಮಿಂಗ್ ನನ್ನದು.