ಶಾಲೆಯ ಗೇಟಿನೆದುರಿನ ಬಿಳಿ ಪಟ್ಟಿ

ರಸ್ತೆ ಇಲಾಖೆಯಲ್ಲಿ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೇಡಂನ ಒಂದು ಶಾಲೆಯ ಹತ್ತಿರ, ಮಕ್ಕಳು ರಸ್ತೆ ದಾಟಲೆಂದು ಬಿಳಿ ಪಟ್ಟಿ ಬಳಿಸುತ್ತಿದ್ದೆ. ನಕ್ಷೆಯ ಪ್ರಕಾರ ಅದು ಗೇಟಿನಿಂದ ಸಾಕಷ್ಟು ದೂರ, ಸರ್ಕಲ್ ಬಳಿ ಬಂದಿತ್ತು. ಶಾಲೆಯ ಜವಾನ ಶರಣಪ್ಪ ಬಂದು ನೋಡುತ್ತಾ ನಿಂತರು.

"ಸಾಹೇಬ್ರ, ಈ ಪಟ್ಟಿ ಯಾರ ಸಲುವಾಗಿರಿ?"

"ಮಕ್ಕಳ ಸಲುವಾಗಿ."

"ಮಕ್ಕಳಿಗಿ ಗೊತ್ತದೇನ್ರಿ?"

ನನಗೆ ಸಿಟ್ಟು ಬಂತು. ಅವರು ಒಳಗೆ ಹೋಗಿ ಗಂಟೆ ಬಾರಿಸಿದವರೇ ಓಡಿ ಬಂದು, ನಡುರಸ್ತೆಯಲ್ಲಿ ಕೈ ಚಾಚಿ ನಿಂತರು. ಸಿಮೆಂಟ್ ಲಾರಿಯೊಂದು ಗಕ್ಕನೆ ನಿಂತಿತು. ಮಕ್ಕಳು ಗೇಟಿನಿಂದ ಸೀದಾ ಆಚೆ ಓಡಿದರು. ನನ್ನ ಪಟ್ಟಿಯ ಕಡೆ ಒಬ್ಬರೂ ತಿರುಗಲಿಲ್ಲ.

"ಇಷ್ಟು ವರ್ಷ ನಾ ನಿಂತೀನ್ರಿ," ಎಂದರು ಏದುಸಿರು ಬಿಡುತ್ತಾ. "ಬರೋ ತಿಂಗಳ ರಿಟೈರ್ ಆಗಲಿಕತ್ತೀನಿ. ಅದಕ್ಕ ಕೇಳ್ದೆ."

ನಾನು ಬಣ್ಣ ಬಳಿಯುವುದನ್ನು ನಿಲ್ಲಿಸಿದೆ. ಮೇಲಿನವರನ್ನು ಒಪ್ಪಿಸಲು ವಾರ ಹಿಡಿಯಿತು. ಕೊನೆಗೆ ಗೇಟಿನೆದುರೇ ಪಟ್ಟಿ ಬಳಿಸಿ, ಎರಡೂ ಕಡೆ ಹಂಪ್ ಹಾಕಿಸಿದೆ. ಶರಣಪ್ಪ ಅದರ ಮೇಲೆ ನಿಧಾನವಾಗಿ ಆಚೆ ಹೋಗಿ, ಈಚೆ ಬಂದು, "ಈಗ ಭಾಳ ಛಲೋ ಆತ್ರಿ," ಎಂದು ನಕ್ಕರು.

ಈಗಲೂ ಸೇಡಂಗೆ ಹೋದಾಗ ಅಲ್ಲೇ ರಸ್ತೆ ದಾಟುತ್ತೇನೆ. ಆಚೆ ಬದಿಯಲ್ಲಿ ನನಗೇನೂ ಕೆಲಸವಿರುವುದಿಲ್ಲ.